ಮೊದಲು ತೆಗೆದಿಟ್ಟ ಪಾಲು

ಹಂದಿಗೆ ಏನು ಹಾಕಿದರೂ ನಡೆಯುತ್ತದೆ ಎನ್ನುವವರು ಹಂದಿ ಸಾಕಿದವರಲ್ಲ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಇವತ್ತಿಗೂ ರೇಗುತ್ತದೆ. ಹಸು ಒಣಹುಲ್ಲು ತಿಂದೂ ಬದುಕೀತು, ಅದರ ಹೊಟ್ಟೆಯೇ ಬೇರೆ. ಹಂದಿಯ ಹೊಟ್ಟೆ ನಮ್ಮ ಹೊಟ್ಟೆಯಂಥದು. ಹಾಕಿದ್ದರಲ್ಲಿ ಇದ್ದದ್ದು ಮೈಗೆ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯುವುದಕ್ಕೆ ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಆ ಬೇಸಿಗೆಯನ್ನು ಇದುವರೆಗೆ ಯಾರ ಹತ್ತಿರವೂ ಪೂರ್ತಿಯಾಗಿ ಹೇಳಿದವಳಲ್ಲ ನಾನು.

ನಾವು ಹಂದಿ ಸಾಕುವ, ಈಚಲ ಬುಟ್ಟಿ ಹೆಣೆಯುವ ಜನ. ಅರಸೀಕೆರೆಯ ರೈಲು ಹಳಿ ದಾಟಿದರೆ ಸಿಗುವ ಬಂಜರಿನಲ್ಲಿ ಒಂಬತ್ತು ಗುಡಿಸಲುಗಳ ನಮ್ಮ ಹಟ್ಟಿ ಇತ್ತು. ಅಪ್ಪ ಹಟ್ಟಿಗೆ ಯಜಮಾನ. ಅವ್ವ ತೀರಿಹೋಗಿ ವರ್ಷಗಳಾಗಿದ್ದವು. ಹಟ್ಟಿಯ ಹಿಂದಿನ ಕಳ್ಳಿಸಾಲಿನ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದ್ದೆವು. ನನ್ನನ್ನು ಬಾಣಾವರದ ಕಡೆಗೆ ಕೊಟ್ಟಿದ್ದರು. ಗಂಡ ದಂಡಿಗೆ ಸೇರಿ ಹಡಗು ಹತ್ತಿದ ಮೇಲೆ ಅತ್ತೆಮನೆಯಲ್ಲಿ ನನ್ನ ಬಾಯಿಯನ್ನು ಯಾರೂ ಸಹಿಸಲಿಲ್ಲ, ಅಪ್ಪನ ಹತ್ತಿರ ಬಂದುಬಿಟ್ಟೆ. ಆಗ ನನಗೆ ಇಪ್ಪತ್ತೋ ಇಪ್ಪತ್ತೊಂದೋ. ರೈಲ್ವೆಯವರ ಮನೆಯೊಂದರಲ್ಲಿ ಪಾತ್ರೆ ತೊಳೆಯುತ್ತಾ ಆ ಮನೆಯ ಅಮ್ಮನಿಂದ ಅಕ್ಷರ ಕಲಿತಿದ್ದೆ. ಅದೊಂದು ಜಂಬ ಬೇರೆ ಇತ್ತು.

ಆ ಬೇಸಿಗೆಗೂ ಮೊದಲು ನಮ್ಮ ಹಂದಿಗಳನ್ನು ಯಾರೂ ಸಾಕುತ್ತಿರಲಿಲ್ಲ ಎಂದೇ ಹೇಳಬೇಕು. ಬೆಳಗಾದರೆ ಬಿಡುವುದು, ಸಂಜೆಯಾದರೆ ಅವೇ ಬರುವುದು. ಕೆರೆಯಂಗಳದ ಕೆಸರು ಕೆದಕಿ ಹುಳ, ಸಣ್ಣ ಮೀನು, ಕಪ್ಪೆ ತಿನ್ನುತ್ತಿದ್ದವು. ಕಸಾಯಿಖಾನೆಯ ಹಿಂದೆ ಸುತ್ತುತ್ತಿದ್ದವು. ಉಳಿದದ್ದು ಎಲ್ಲರಿಗೂ ಗೊತ್ತಿರುವಂಥದೇ, ಬಿಡಿಸಿ ಹೇಳಬೇಕಾಗಿಲ್ಲ. ಹಂದಿಗಳು ಮಿರಿಮಿರಿ ಮಿಂಚುತ್ತಿದ್ದವು. ಅವುಗಳನ್ನು ನೋಡಿ ಊರವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಹಾಗೆ ಮುಚ್ಚಿಕೊಂಡ ಕೈಯಿಂದಲೇ ನಮ್ಮನ್ನು ಅತ್ತ ಸರಿಯಿರಿ ಎನ್ನುತ್ತಿದ್ದರು.

ಯುದ್ಧ ಬಲಿತು ರೇಷನ್ ಬಂದ ಮೇಲೆ ಊರಿನ ದೊಡ್ಡವರು ಕೂತು ತೀರ್ಮಾನ ಮಾಡಿದರು: ಬೀದಿಯಲ್ಲಿ ಕಂಡ ಹಂದಿಗೆ ಗುಂಡು, ಹಟ್ಟಿ ಅಲ್ಲಿಂದ ಏಳಬೇಕು. ಹನ್ನೊಂದು ಹಂದಿ ಒಂದೇ ದಿನ ಬಿದ್ದವು. ಗುಡಿಸಲು ಕೀಳಲು ಗಡುವು ಕೊಟ್ಟರು. ಎಲ್ಲಿಗೆ ಹೋಗುವುದು? ಹಂದಿಯವರು ಎಂದರೆ ಯಾವ ಊರೂ ಬಾಗಿಲು ತೆಗೆಯುವುದಿಲ್ಲ.

ಆಗ ಬಂದವನು ಬೆಂಗಳೂರಿನ ದಂಡಿಗೆ ಮಾಂಸ ಒದಗಿಸುವ ಒಬ್ಬ ಗುತ್ತಿಗೆದಾರ. ಹೊಳೆಯುವ ಬೂಟು ಹಾಕಿಕೊಂಡು ಹಟ್ಟಿಗೇ ಬಂದ. ಸೋಲ್ಜರುಗಳಿಗೆ ಹಂದಿ ಬೇಕು, ಆದರೆ ಅಲೆದು ತಿಂದದ್ದಲ್ಲ. ಅದರ ಮಾಂಸದಲ್ಲಿ ಹುಳ ಇರುತ್ತದಂತೆ. ದೊಡ್ಡಿಯಲ್ಲಿ ಕೂಡಿಹಾಕಿ, ಕಾಳು ಹಿಂಡಿ ಹಾಕಿ ಬೆಳೆಸಿದ್ದು ಬೇಕು. ಮುಂಗಾರಿಗೆ ಮೊದಲು ಇಪ್ಪತ್ತೆಂಟು ಹಂದಿ ರೈಲಿನ ವ್ಯಾಗನ್ ಹತ್ತಿದರೆ ಹಟ್ಟಿಯನ್ನು ಮುಟ್ಟದಂತೆ ಊರವರಿಗೆ ತಾನು ಹೇಳುತ್ತೇನೆ, ಯುದ್ಧದ ಕೆಲಸ ಎಂದರೆ ಯಾರೂ ಉಸಿರೆತ್ತುವುದಿಲ್ಲ ಎಂದ. ಒಂದು ಹಂದಿ ಕಡಿಮೆಯಾದರೂ ತನ್ನ ಮಾತಿಲ್ಲ ಎಂದೂ ಸೇರಿಸಿದ. ಗಂಟು ಹಾಕಿದ ಹಗ್ಗವೊಂದನ್ನು ಅಪ್ಪನ ಕೈಗೆ ಕೊಟ್ಟ. ಹಂದಿಯ ಎದೆಗೆ ಸುತ್ತಿದಾಗ ಹಗ್ಗದ ತುದಿ ಆ ಗಂಟನ್ನು ದಾಟದೆ ಅಲ್ಲಿಗೇ ಬಂದು ನಿಂತರೆ ಆ ಹಂದಿ ಪಾಸು. ಹಂದಿ ಗಂಟು ಮುಟ್ಟಿದರೆ ಹಟ್ಟಿ ಉಳಿಯಿತು, ಇಲ್ಲದಿದ್ದರೆ ಇಲ್ಲ. ಅಷ್ಟೇ ಲೆಕ್ಕ.

ಅಪ್ಪ ಒಪ್ಪಿಕೊಂಡ. ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲವೇನೋ.

ನಮ್ಮಲ್ಲಿ ದೇವರ ಹಂದಿ ಎಂದು ಒಂದು ಪದ್ಧತಿ ಇತ್ತು. ಮಾರಮ್ಮನಿಗೆ ಒಪ್ಪಿಸುವ ಹಂದಿಯ ಕುತ್ತಿಗೆಗೆ ಅರಿಶಿನದ ದಾರ ಕಟ್ಟುತ್ತಾರೆ. ಕಟ್ಟಿದ ದಿನದಿಂದ ಅದು ಮಣ್ಣಲ್ಲಿ ಬೆಳೆದದ್ದನ್ನು ಮಾತ್ರ ತಿನ್ನಬೇಕು. ಉಸಿರಾಡುವ ಜೀವದಿಂದ ಬಂದದ್ದು ಯಾವುದೂ ಅದರ ಬಾಯಿಗೆ ಹೋಗಬಾರದು. ಮಾಂಸ ಮೀನು ಇರಲಿ, ಮಜ್ಜಿಗೆಯೂ ಇಲ್ಲ. ದಾರ ಕಟ್ಟಿದವನೂ ಅದೇ ಮಡಕೆಯಿಂದ ಅದೇ ಊಟವನ್ನು ದಿನಕ್ಕೆ ಒಂದೇ ಹೊತ್ತು, ದೀಪ ಹಚ್ಚಿದ ಮೇಲೆ ಉಣ್ಣಬೇಕು. ಹಂದಿಯ ಬಾಯಿ ಕೆಟ್ಟರೂ ಕಟ್ಟಿದವನ ಬಾಯಿ ಕೆಟ್ಟರೂ ದಾರ ಕೆಟ್ಟಿತು ಎಂದೇ ಅರ್ಥ. ಇದು ಒಂಬತ್ತು ದಿನದ ವ್ರತ, ಒಂದು ಹಂದಿಗೆ.

ಅಪ್ಪ ಶಿವರಾತ್ರಿ ಕಳೆದ ವಾರ ಮೂವತ್ತು ಅರೆಬೆಳೆದ ಹಂದಿಗಳನ್ನು ದೊಡ್ಡಿಗೆ ತುಂಬಿ ಮೂವತ್ತಕ್ಕೂ ದಾರ ಕಟ್ಟಿಬಿಟ್ಟ.

"ನಮ್ಮ ಹಂದೀನ ಹೊಲ್ಸು ಅಂದ್ರಲ್ಲ ಊರೋರು. ದೇವ್ರ ಹಂದಿಗಿಂತ ಸುದ್ದ ಯಾವ್ದೈತೆ, ಹೇಳ್ಲಿ ನೋಡಾನ," ಎಂದ. ಅವನ ಮುಖ ಹೊಳೆಯುತ್ತಿತ್ತು. ಹನ್ನೊಂದು ಹಂದಿ ಸತ್ತ ದಿನದಿಂದ ಆ ಮುಖದಲ್ಲಿ ನಾನು ಹೊಳಪು ಕಂಡಿರಲಿಲ್ಲ, ಅದಕ್ಕೇ ಸುಮ್ಮನಾದೆ.

ಹಟ್ಟಿಯ ಹಿರಿಯ ಮುದುಕನೊಬ್ಬ ಮಾತ್ರ ಬೀಡಿ ಆರಿಸಿ ಹತ್ತಿರ ಬಂದ. "ಏನ್ಲಾ ಇದು? ಒಂಬತ್ತು ದಿನದ ದಾರ ಕಣ್ಲಾ ಅದು. ತಿಂಗ್ಳುಗಟ್ಲೆ ಕಟ್ಟಿದ್ರೆ ಕುತ್ಗೆ ಬಿಗೀತದೆ."

"ಬಿಗುದ್ರೆ ನನ್ನ ಕುತ್ಗೆ ಬಿಗೀಲಿ ಬುಡು," ಎಂದು ಅಪ್ಪ ನಕ್ಕ.

ಇಂಥ ಮಾತನ್ನು ಆಡಬಾರದು. ಅಸ್ತು ದೇವತೆಗಳು ಓಡಾಡುತ್ತಿರುತ್ತವೆ ಎನ್ನುತ್ತಾರೆ. ನಾನು ಅದನ್ನೆಲ್ಲ ನಂಬುವವಳಲ್ಲ, ಆದರೂ ಅವತ್ತು ಮೈ ಜುಮ್ಮೆಂದಿತು.

ರಾಗಿಯನ್ನು ಹಳೇಬೀಡಿನಿಂದ ತರುತ್ತಿದ್ದೆವು. ಅಪ್ಪ ಹುಟ್ಟಿದ್ದು ಆ ಕಡೆ. ಅಲ್ಲಿ ಬಸದಿಯ ಹತ್ತಿರದ ಜೈನರ ಯಜಮಾನರೊಬ್ಬರು ಜಮೀನಿನ ರಾಗಿಯನ್ನು ಅವನಿಗೆ ಕೊಡುತ್ತಿದ್ದರು. ಹಂದಿಗಳಿಗೆ ಮಾಂಸ ಮೀನು ಬಿಡಿಸಿದ್ದೇನೆ ಎಂದು ಅಪ್ಪ ಅವರ ಹತ್ತಿರವೂ ಕೊಚ್ಚಿಕೊಂಡ. ಅವರು "ಬೆಳೆಯೋವರೆಗೆ ಪುಣ್ಯ ಸರಿ ಕಣಪ್ಪ. ಆಮೇಲೆ?" ಎಂದರಂತೆ. ಅಪ್ಪ ಅದನ್ನು ತಮಾಷೆಯ ಹಾಗೆ ಹಟ್ಟಿಯಲ್ಲೆಲ್ಲ ಹೇಳಿಕೊಂಡು ನಗಾಡಿದ. ಕಡಲೆಕಾಯಿ ಹಿಂಡಿ ಅರಸೀಕೆರೆಯ ಗಾಣದಿಂದಲೇ ಬರುತ್ತಿತ್ತು. ಹುರುಳಿ ಹಾಕೋಣವೆಂದರೆ ಆ ವರ್ಷ ಹುರುಳಿಯೆಲ್ಲ ದಂಡಿನ ಕುದುರೆಗಳಿಗೆ ಹೋಗುತ್ತಿತ್ತು, ನಮ್ಮಂಥವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಡುಗೆ ನನ್ನ ಕೆಲಸ. ದೊಡ್ಡಿಯ ಪಕ್ಕದಲ್ಲೇ ಒಲೆ ಹೂಡಿ, ಮಂಡಿಯೆತ್ತರದ ಮಡಕೆಯಲ್ಲಿ ರಾಗಿನುಚ್ಚು, ಹೊಟ್ಟು, ಹಿಂಡಿ ಹಾಕಿ ಗಂಜಿ ಕಾಯಿಸುತ್ತಿದ್ದೆ. ಮೊದಲ ಸೌಟು ಅಪ್ಪನ ತಟ್ಟೆಗೆ, ಉಳಿದದ್ದು ಹಂದಿಗೆ.

ಮೊದಲ ಮೂರು ವಾರ ಎಲ್ಲರೂ ಖುಷಿಯಾಗಿದ್ದೆವು. ಹಂದಿಗಳು ದುಂಡಗಾದವು. ಹಗ್ಗ ಸುತ್ತಿ ನೋಡಿ ಅಪ್ಪ ಗಂಟಿಗೆ ಇನ್ನೆಷ್ಟು ಬೆರಳು ಎಂದು ಕೂಗಿ ಹೇಳುತ್ತಿದ್ದ. ನಾಲ್ಕನೇ ವಾರ ಹಗ್ಗ ಅಲ್ಲೇ ನಿಂತಿತು, ಐದನೇ ವಾರವೂ. ಹೊಟ್ಟೆ ಜೋತುಬಿತ್ತು, ಕೆನ್ನೆ ಊದಿತು, ಆದರೆ ಬೆನ್ನು ಮೇಲೇಳಲಿಲ್ಲ, ತೊಡೆ ತುಂಬಲಿಲ್ಲ. ಕೂದಲು ಒರಟಾಗಿ ಕೆಂಪು ತಿರುಗಿತು. ಸಾಲದು ಎಂದು ಅಪ್ಪ ಹಿಂಡಿಯನ್ನು ಹೆಚ್ಚಿಸಿದ. ತಿಂದವು, ಉಚ್ಚಿಕೊಂಡವು, ಬೆಳೆಯಲಿಲ್ಲ.

ಆಮೇಲೆ ಅವುಗಳ ಸದ್ದು ನಿಂತಿತು. ಹಂದಿ ದೊಡ್ಡಿ ಎಂದರೆ ಗದ್ದಲ, ಗದ್ದಲವಿದ್ದರೆ ಕ್ಷೇಮ. ಇವು ನಿಂತಲ್ಲೇ ನಿಂತು ಒಂದನ್ನೊಂದು ನೋಡುತ್ತಿದ್ದವು. ಗೂಟಗಳನ್ನು ಕಡಿದವು, ಗೋಡೆಯ ಮಣ್ಣು ನೆಕ್ಕಿದವು. ಒಂದು ಬೆಳಿಗ್ಗೆ ನೋಡಿದರೆ ಒಂದು ಹಂದಿಗೆ ಬಾಲವಿರಲಿಲ್ಲ. ಬಾಲವಿದ್ದ ಜಾಗದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅದು ಹೋದ ಕಡೆಯೆಲ್ಲ ಏಳೆಂಟು ಹಂದಿಗಳು ಮೂಗು ಚಾಚಿ, ಆತುರವಿಲ್ಲದೆ, ಹಿಂದೆಯೇ ನಡೆಯುತ್ತಿದ್ದವು. ನಾನು ದೊಣ್ಣೆ ತೆಗೆದುಕೊಂಡು ಚದುರಿಸಿದೆ. ಹಿಂದೆ ಸರಿದು, ನಾನು ಹೋಗುವುದನ್ನೇ ಕಾಯುತ್ತಾ ನಿಂತವು. ಹುಟ್ಟಿದಾಗಿನಿಂದ ಹಂದಿಗಳ ನಡುವೆ ಬೆಳೆದವಳು ನಾನು, ಅವುಗಳಿಗೆ ಹೆದರಿದ್ದು ಅವತ್ತೇ ಮೊದಲು.

ಆ ವಾರ ಒಂದು ಹಂದಿ ಸತ್ತಿತು. ನಾವು ನೋಡುವ ಹೊತ್ತಿಗೆ ಅದರ ಹೊಟ್ಟೆಯ ಭಾಗ ಇರಲಿಲ್ಲ. ಕುತ್ತಿಗೆಯ ದಾರ ಮಾತ್ರ ಹಾಗೇ ಇತ್ತು. ನಾಲ್ಕು ದಿನ ಬಿಟ್ಟು ಇನ್ನೊಂದು ಹೋಯಿತು. ಉಳಿದದ್ದು ಸರಿಯಾಗಿ ಇಪ್ಪತ್ತೆಂಟು. ಕೆರೆ ಏರಿಯ ಮರಗಳ ಮೇಲೆ ರಣಹದ್ದುಗಳು ಬಂದು ಕೂತವು, ಕೂಗಿ ಓಡಿಸಿದರೆ ಹಟ್ಟಿಯ ಹತ್ತಿರದ ಮರಕ್ಕೇ ಬಂದವು. ಹೆಂಗಸರು ಮಕ್ಕಳನ್ನು ದೊಡ್ಡಿಯ ಕಡೆಗೆ ಬಿಡುವುದನ್ನು ನಿಲ್ಲಿಸಿದರು.

ಅಪ್ಪ ರಾಗಿಗೆಂದು ಹಳೇಬೀಡಿಗೆ ಗಾಡಿ ಕಟ್ಟಿದ ದಿನ ನಾನು ದನದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದೆ. ಕಚ್ಚೆಪಂಚೆ ಉಟ್ಟು ಕೋಟು ಹಾಕಿದ ಮಡಿವಂತರು, ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಬಂದು, ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಒಂದು ಗಂಟೆ ದೊಡ್ಡಿಯ ಹೊರಗೆ ನಿಂತು ನೋಡಿದರು. ಆಮೇಲೆ ಗೂಟಗಳ ಸಂದಿಯಲ್ಲಿ ಕೈ ಹಾಕಿ ಒಂದು ಹಂದಿಯ ಕೂದಲನ್ನು ಕಿತ್ತು ಬಿಸಿಲಿಗೆ ಹಿಡಿದರು. ಇನ್ನೊಂದರ ಕಾಲನ್ನು ಬೆರಳಿನಿಂದ ಒತ್ತಿದರು. ಒತ್ತಿದ ಜಾಗ ಗುಳಿಬಿದ್ದು ಹಾಗೇ ಉಳಿಯಿತು.

"ಏನು ಹಾಕ್ತಿದ್ದೀಯಮ್ಮ?"

ಹೇಳಿದೆ.

"ಅಷ್ಟೇನಾ? ಹುಳ ಹುಪ್ಪಟೆ, ಮೀನು, ಏನೂ ಇಲ್ವಾ?" ಎಂದವರು ನನ್ನ ಕೈಯಲ್ಲಿದ್ದ ಅರ್ಧ ಹೆಣೆದ ಬುಟ್ಟಿಯನ್ನು ನೋಡಿದರು. "ಮೈ ಕಟ್ಟೋ ಸತ್ವ ಅಂತ ಒಂದಿದೆ, ಪ್ರೋಟೀನು ಅಂತಾರೆ. ಅದು ಒಂದೇ ಪದಾರ್ಥ ಅಲ್ಲ, ಹಲವು ಚೂರು ಸೇರಿ ಆಗೋದು. ನೀನು ಬುಟ್ಟಿ ಹೆಣೆಯೋಳು, ನಿನಗೆ ನಾನು ಹೇಳ್ಬೇಕಾ? ಅಡ್ಡಕಡ್ಡಿ ರಾಶಿ ಇಟ್ಕೊಂಡಿದ್ದೀಯ, ನಿಲುಗಡ್ಡಿ ನಾಲ್ಕೇ ಇವೆ. ಬುಟ್ಟಿ ಎಷ್ಟೆತ್ತರ ಏಳತ್ತೆ?"

"ಏಳಕ್ಕಿಲ್ಲ."

"ರಾಗೀಲಿ ಕಮ್ಮಿ ಇರೋ ಚೂರೇ ಕಡಲೆಕಾಯಿ ಹಿಂಡೀಲೂ ಕಮ್ಮಿ. ಅದರ ಮೇಲೆ ಇದು, ಇದರ ಮೇಲೆ ಅದು ಎಷ್ಟು ಸುರಿದ್ರೂ ಅಷ್ಟೇ. ಹೆಚ್ಚಾದದ್ದು ಕೊಬ್ಬಾಗತ್ತೆ, ಇಲ್ಲಾ ಉಚ್ಚೇಲಿ ಹೋಗತ್ತೆ. ಇವು ಸುಮ್ಮನೆ ಬಾಲ ಕಡೀತಾ ಇಲ್ಲಮ್ಮ. ತಮಗೆ ಬೇಕಾದ್ದನ್ನ ಹುಡುಕ್ತಾ ಇವೆ, ಒಂದರ ಮೈಯಲ್ಲಿ ಇನ್ನೊಂದು."

ಆ ಮಾತಿನ ಚಳಿ ನನ್ನ ಬೆನ್ನಿನಿಂದ ಬಹಳ ದಿನ ಇಳಿಯಲಿಲ್ಲ. ಒಣಮೀನಿನ ಪುಡಿ ಹಾಕು, ಮಡಕೆಗೆ ನಾಲ್ಕು ಬೊಗಸೆ ಸಾಕು, ಬಲಿತಂತೆ ಅಷ್ಟೂ ಬೇಕಾಗಲ್ಲ; ಕೊನೆಯ ಹದಿನೈದು ದಿನ ಪೂರ್ತಿ ನಿಲ್ಲಿಸು, ಇಲ್ಲದಿದ್ದರೆ ಮಾಂಸಕ್ಕೆ ಮೀನಿನ ವಾಸನೆ ಬರುತ್ತದೆ ಎಂದರು. ನಾನು ದಾರದ ವಿಷಯ ಹೇಳಿದೆ. ಅವರಿಗೆ ಮೊದಲು ನಗು ಬಂತು, ನನ್ನ ಮುಖ ನೋಡಿ ನುಂಗಿಕೊಂಡರು.

"ದೇವರು ಬೇಡ ಅಂದದ್ದನ್ನ ಹಾಕು ಅಂತ ನಾನು ಹೇಳಲ್ಲ. ಆದ್ರೆ ಇನ್ನೊಂದು ತಿಂಗಳು ಹೀಗೇ ಬಿಟ್ರೆ ದಾರ ಉಳಿಯತ್ತೆ, ಹಂದಿ ಉಳಿಯಲ್ಲ."

ಅಪ್ಪ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಕದ್ದು ಮಾಡಬೇಕೆಂದು ನಾನು ಹೊರಟವಳಲ್ಲ. ಅವನು ಗಾಡಿಯ ಮೂಕಿ ಹಿಡಿದುಕೊಂಡು, ಕೆಳಗಿಳಿಯದೆ ಕೇಳಿದ.

"ಮೀನು ಹಾಕಿದ್ರೆ ದಾರ ಕೆಡ್ತದೆ. ದಾರ ಕೆಟ್ರೆ ಮಾರಮ್ಮ ಹಟ್ಟೀನೇ ನುಂಗ್ತಾಳೆ. ಬ್ಯಾಡ."

"ಈಗೇನು ಮಾಡ್ತಾವ್ಳೆ ಮತ್ತೆ? ಎಲ್ಡು ನುಂಗಿಲ್ವಾ?"

"ಬಾಯ್ಮುಚ್ಚು. ನಾನು ಉಣ್ತಿಲ್ವಾ ಅದನ್ನೇ? ನಂಗೇನಾಗೈತೆ?"

ಅವನಿಗೆ ಏನಾಗಿತ್ತು ಎಂಬುದು ನನ್ನ ಕಣ್ಣೆದುರೇ ಇತ್ತು. ಗಾಡಿಯಿಂದ ಇಳಿಯಲು ಅವನಿಗೆ ಆಗುತ್ತಿರಲಿಲ್ಲ, ಅದಕ್ಕೇ ಕೂತಿದ್ದ. ಪಾದಗಳು ಊದಿ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಕಪ್ಪಾಗಿದ್ದ ಗಡ್ಡ ಕೆಂಚಾಗಿತ್ತು. ಮುಖ ಉಬ್ಬಿದ್ದರಿಂದ ನೋಡಿದವರು ದಪ್ಪಗಾಗಿದ್ದೀಯಲ್ಲ ಎನ್ನುತ್ತಿದ್ದರು, ಅವನೂ ಹೌದೆಂದು ಬೀಗುತ್ತಿದ್ದ. ಡಾಕ್ಟರು ಹಂದಿಯ ಮೈಮೇಲೆ ತೋರಿಸಿದ ಒಂದೊಂದು ಗುರುತೂ ಅಪ್ಪನ ಮೈಮೇಲೆ ಇತ್ತು. ನಾನು ಕಂಡೆ. ವಯಸ್ಸು, ಚಳಿಜ್ವರದ ಮೈ, ಬಿಸಿಲಲ್ಲಿ ಗಾಡಿ ಹೊಡೆದಿದ್ದಾನೆ ಎಂದುಕೊಂಡೆ. ಹಂದಿಯ ವಿಷಯದಲ್ಲಿ ಅಷ್ಟು ಚುರುಕಾಗಿದ್ದ ಬುದ್ಧಿ ಅಪ್ಪನ ವಿಷಯದಲ್ಲಿ ಏಕೆ ಮಂಕಾಯಿತೋ, ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬುಟ್ಟಿ ಮಾರುವ ನೆಪದಲ್ಲಿ ಜಾವಗಲ್ ಸಂತೆಗೆ ಹೋದೆ. ಅರಸೀಕೆರೆ ಸಂತೆಯಲ್ಲಿ ಎಲ್ಲರೂ ಗುರುತಿನವರು. ಆಗ ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ದಿಬ್ಬ ಬಂದರೆ ಇಳಿದು ತಳ್ಳಬೇಕು. ಘಟ್ಟದ ಕೆಳಗಿನ ಒಣಮೀನನ್ನು ಬೇಲೂರಿನ ಮೇಲೆ ತಂದು ಮಾರುವ ಹೆಂಗಸೊಬ್ಬಳು ಅಲ್ಲಿ ಕೂರುತ್ತಿದ್ದಳು. ಮೂಟೆಯ ತಳದಲ್ಲಿ ಉಳಿಯುವ ತಲೆ, ಮುಳ್ಳು, ಪುಡಿ ಯಾರಿಗೂ ಬೇಡ. ಎರಡು ಬುಟ್ಟಿ ಕೊಟ್ಟು ಅದನ್ನು ಕೇಳಿದೆ.

"ಈ ಕಸ ಯಾಕವ್ವ ನಿಂಗೆ?"

"ತೆಂಗಿನ ಬುಡಕ್ಕೆ."

"ಹಂದಿಯೋರ ಹಟ್ಟೀಲಿ ತೆಂಗಿನ ತೋಟ ಯಾವಾಗ ಎದ್ದಿತೋ ಕಾಣೆ," ಎಂದು ನಕ್ಕು, ಇನ್ನೊಂದು ಬೊಗಸೆ ಹೆಚ್ಚಿಗೇ ಹಾಕಿದಳು.

ಅವತ್ತಿನಿಂದ ನನ್ನ ಕಳ್ಳತನ ಶುರುವಾಯಿತು. ಪುಡಿ ಮುಗಿದಂತೆಲ್ಲ ಮತ್ತೆ ಸಂತೆಗೆ ಹೋಗಿ ತರುತ್ತಿದ್ದೆ. ಗಂಜಿ ಬೆಂದ ಕೂಡಲೇ ಮೊದಲು ಅಪ್ಪನ ಪಾಲು ತೆಗೆದು, ತಟ್ಟೆ ಮುಚ್ಚಿ, ಗುಡಿಸಲೊಳಗೆ ಇಟ್ಟು ಬರುತ್ತಿದ್ದೆ. ಆಮೇಲೆ, ಯಾರೂ ಇಲ್ಲವೆಂದು ನೋಡಿಕೊಂಡು, ಕುಟ್ಟಿದ ಮೀನು ಮಡಕೆಗೆ. ಎಷ್ಟು ಭಯವಿತ್ತೆಂದರೆ ಸೌಟನ್ನೂ ಬೇರೆ ಇಟ್ಟುಕೊಂಡಿದ್ದೆ. ಹಂದಿಗಳ ದಾರ ನಾನು ಕೆಡಿಸಿದೆ, ಪಾಪವಿದ್ದರೆ ಅದು ನನಗೆ ಬರಲಿ. ಅಪ್ಪನ ಬಾಯಿ ಕೆಡದಿರಲಿ, ಅವನ ವ್ರತವಾದರೂ ಶುದ್ಧವಾಗಿ ಉಳಿಯಲಿ. ಇದೇ ನನ್ನ ಹಟ. ಆ ಮುಚ್ಚಿದ ತಟ್ಟೆಯನ್ನು ಎತ್ತಿಕೊಂಡು ಹೋಗುವಾಗ ದಿನವೂ ನಾನೊಂದು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನ ಇರುತ್ತಿತ್ತು.

ಹತ್ತು ದಿನಕ್ಕೆ ದೊಡ್ಡಿಯಲ್ಲಿ ಮತ್ತೆ ಗದ್ದಲ ಕೇಳಿಸಿತು. ಹಂದಿಗಳು ತೊಟ್ಟಿಗೆ ನುಗ್ಗಿ ಒಂದನ್ನೊಂದು ಬೈದಾಡಿಕೊಂಡವು. ಕಚ್ಚುವುದು ನಿಂತಿತು, ಬಾಲದ ಗಾಯ ಒಣಗಿತು. ಮೂರನೇ ವಾರಕ್ಕೆ ಹೊಸ ಕೂದಲು ಕಪ್ಪಾಗಿ ಬಂತು. ಹಗ್ಗ ಸುತ್ತಿದರೆ ಬೆರಳು ಬೆರಳಾಗಿ ಗಂಟಿನ ಕಡೆಗೆ ಸರಿಯುತ್ತಿತ್ತು. ಅಪ್ಪ ದಿನವೂ ಸಂಜೆ ಕೋಲೂರಿಕೊಂಡು ದೊಡ್ಡಿಗೆ ಬಂದು, ಪ್ರತಿಯೊಂದು ಹಂದಿಯ ಕುತ್ತಿಗೆಯ ದಾರವನ್ನೂ ಮುಟ್ಟಿ ಮಾರಮ್ಮನ ಹೆಸರು ಹೇಳುತ್ತಿದ್ದ. ಹಂದಿಗಳು ಅವನ ಮುಖಕ್ಕೆ ಮೂತಿ ಚಾಚುತ್ತಿದ್ದವು. ನಾನು ಒಲೆಯ ಹತ್ತಿರ ಕೂತು ಸುಮ್ಮಸುಮ್ಮನೆ ಬೂದಿ ಕೆದಕುತ್ತಿದ್ದೆ.

"ಮಾರಮ್ಮ ಕಣ್ಬುಟ್ಟವ್ಳೆ ಕಣವ್ವ," ಎನ್ನುತ್ತಿದ್ದ.

"ಹೂಂ ಅಪ್ಪಾ," ಎನ್ನುತ್ತಿದ್ದೆ.

ಆಮೇಲೆ ಗುಡಿಸಲಿಗೆ ಹೋಗಿ, ದೀಪ ಹಚ್ಚಿ, ಮುಚ್ಚಿದ ತಟ್ಟೆ ತೆಗೆದು ಉಣ್ಣುತ್ತಿದ್ದ. ಉಣ್ಣುವ ಮೊದಲು ತಟ್ಟೆಯನ್ನು ಮುಖದ ಹತ್ತಿರ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದ. ಕೈಮುಗಿಯುತ್ತಿದ್ದಾನೆ ಎಂದುಕೊಂಡಿದ್ದೆ. ಬರುಬರುತ್ತಾ ಅರ್ಧ ಉಂಡು ತಟ್ಟೆ ಸರಿಸಿಬಿಡುತ್ತಿದ್ದ. ಹಂದಿಗಳು ಏರಿದಷ್ಟೂ ಅವನು ಇಳಿದ. ತೋಳು ಬರೀ ಎಲುಬು, ಕಾಲು ಮಾತ್ರ ಕಂಬ. ಹಟ್ಟಿಯ ಮುದುಕ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಪ್ಪನ್ನ ಹಂದಿಗುಳು ತಿಂತಾ ಅವೆ ಕಣವ್ವ, ಹಲ್ಲು ಹಾಕ್ದೆ," ಎಂದ. ಮುದುಕನಿಗೆ ಬೇರೆ ಕೆಲಸವಿಲ್ಲ ಎಂದು ಬೈದು ಕಳಿಸಿದೆ.

ಹದಿನೈದು ದಿನ ಇರುವಾಗ ಮೀನು ನಿಲ್ಲಿಸಿದೆ. ವ್ಯಾಗನ್ ಬರುವ ದಿನ ಇಪ್ಪತ್ತೆಂಟನ್ನೂ ಗೂಡ್ಸ್ ಶೆಡ್ಡಿನ ಹತ್ತಿರ ಹೊಡೆದುಕೊಂಡು ಹೋದೆವು. ಗುತ್ತಿಗೆದಾರ ತಾನೇ ಕೂತು ಹಗ್ಗ ಸುತ್ತಿಸಿದ. ಇಪ್ಪತ್ತೇಳು ಸಲೀಸಾಗಿ ಗಂಟು ಮುಟ್ಟಿದವು. ಕೊನೆಯದು ಆ ಬಾಲವಿಲ್ಲದ ಹಂದಿ. ಆಳು ಹಗ್ಗ ಎಳೆದ. ಒಂದು ಬೆರಳು ಕಡಿಮೆ. ಹಟ್ಟಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಮ್ಮ ಗುಡಿಸಲು, ಕಳ್ಳಿಸಾಲು, ಅವ್ವನನ್ನು ಹೂತ ಜಾಗ, ಎಲ್ಲವೂ ಆ ಒಂದು ಬೆರಳಿನಲ್ಲಿತ್ತು. ಅಷ್ಟರಲ್ಲಿ ಇಂಜಿನ್ನು ಕೂಗಿತು. ಹಂದಿ ಬೆಚ್ಚಿ ಎದೆ ತುಂಬ ಉಸಿರೆಳೆದುಕೊಂಡಿತು. ಗಂಟು ಮುಟ್ಟಿತು. ಗುತ್ತಿಗೆದಾರ ಕಂಡೂ ಕಾಣದವನ ಹಾಗೆ ಕೈ ಬೀಸಿದ.

ವ್ಯಾಗನ್ ಹತ್ತಿಸುವ ಮೊದಲು ಅಪ್ಪ ಒಂದೊಂದೇ ದಾರ ಕತ್ತರಿಸಿದ. ಕೊನೆಯ ದಾರ ಕತ್ತರಿಸಿ ಅಲ್ಲೇ ಕೂತವನನ್ನು ನಾಲ್ಕು ಜನ ಎತ್ತಿಕೊಂಡು ಬಂದರು.

ಹಟ್ಟಿ ಉಳಿಯಿತು. ಊರಿನವರು ಆಮೇಲೆ ನಮ್ಮ ತಂಟೆಗೆ ಬರಲಿಲ್ಲ. ಈಗಲೂ ಅಲ್ಲಿ ನಮ್ಮವರ ಮನೆಗಳಿವೆ, ಹೆಂಚು ಹಾಕಿಸಿಕೊಂಡಿದ್ದಾರೆ. ಅವತ್ತು ಸಂಜೆ ನಾನು ಕೆರೆಯ ಮೀನು ತಂದು ಖಾರವಾಗಿ ಸಾರು ಮಾಡಿದೆ. ಅಪ್ಪ ಎರಡು ತುತ್ತು ಉಂಡ, ಹೊಟ್ಟೆ ತಡೆಯಲಿಲ್ಲ. ಮರುದಿನ ಕೋಳಿ, ಆಮೇಲೆ ಹಾಲು. ಏನು ಹಾಕಿದರೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯವರು ಹಳೆಯ ಚಳಿಜ್ವರ ಈಲಿಗೆ ಇಳಿದಿದೆ ಎಂದರು. ಮುಂದೆ ನಾನೇ ಆಸ್ಪತ್ರೆಯಲ್ಲಿ ನರ್ಸಾಗಿ ವರ್ಷಗಟ್ಟಲೆ ದುಡಿದೆ. ಬರೀ ಗಂಜಿಯ ಮೇಲೆ ಬದುಕಿ ಕಾಲೂದಿಸಿಕೊಂಡು ಬರುವವರನ್ನು ನೋಡಿದಾಗಲೆಲ್ಲ ಬೆರಳಿನಿಂದ ಒತ್ತಿ ಗುಳಿ ನೋಡುತ್ತಿದ್ದೆ, ಡಾಕ್ಟರು ಬರುವ ಮೊದಲೇ ಹಾಲು ಮೊಟ್ಟೆ ಶುರುಮಾಡಿಸುತ್ತಿದ್ದೆ. ಅಧಿಕಪ್ರಸಂಗಿ ಎಂದು ಬೈಸಿಕೊಂಡಿದ್ದೇನೆ, ಬೈದವರಿಗೆ ತಿರುಗಿ ಬೈದಿದ್ದೇನೆ. ಈಲಿಯೋ ಚಳಿಜ್ವರವೋ ಇರಬಹುದು. ಆದರೆ ನನಗೆ ಗೊತ್ತಿರುವುದು ನನಗೆ ಗೊತ್ತು.

ಆಷಾಢದ ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿಯ ತಿಳಿ ಕುಡಿಸುತ್ತಿದ್ದೆ. ಇನ್ನು ಹೆಚ್ಚು ದಿನವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೊತ್ತುಕೊಂಡಿದ್ದು ಸಾಕೆನಿಸಿ ಬಾಯಿಬಿಟ್ಟೆ. "ಅಪ್ಪಾ, ತಪ್ಪಾಯ್ತು. ಹಂದಿಗುಳಿಗೆ ಮೀನು ಹಾಕ್ದೆ."

"ಗೊತ್ತು ಕಣವ್ವ. ಬಾಯಿ ನಾತ ಬರ್ತಿತ್ತಲ್ಲ, ದಿನಾ ಮೂತಿ ಮುಟ್ತಿದ್ದೆ. ನಂಗೇನು ಮೂಗಿಲ್ವಾ?"

ಲೋಟವನ್ನು ಕೆಳಗಿಟ್ಟೆ. "ನಿನ್ನ ಪಾಲು ಮುಟ್ಲಿಲ್ಲ ಅಪ್ಪಾ," ಎಂದು ಆತುರವಾಗಿ ಹೇಳಿದೆ. "ಮೊದ್ಲೇ ತೆಗ್ದಿಡ್ತಿದ್ದೆ. ಸೌಟೂ ಬೇರೇನೆ. ನಿನ್ನ ಬಾಯಿ ಕೆಡ್ಲಿಲ್ಲ, ಆಣೆಗೂ."

ಅವನು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ.

"ನಾನಾಗಿ ಕೇಳಂಗಿರ್ಲಿಲ್ಲ," ಎಂದ. "ನೀನಾಗಿ ನಂಗೆ ಗೊತ್ತಿಲ್ದಂಗೆ ಹಾಕಿದ್ರೆ ಉಣ್ತಿದ್ದೆ. ದಿನಾ ತಟ್ಟೆ ಮೂಸಿ ನೋಡ್ತಿದ್ದೆ ಕೂಸೇ, ಇವತ್ತಾದ್ರೂ ಹಾಕವ್ಳೇನೋ ಅಂತ."